ಬೆಂಕಿ ಕಾಯೋನೇ, ಇದ್ದೀಯಾ?

ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅತ್ತೆಯಲ್ಲ, ಅತ್ತೆಯ ಮಂಚ. ಅದು ಕೋಣೆಯ ನಟ್ಟನಡುವೆ ನಿಂತಿತ್ತು. ಗೋಡೆಗಳ ಪಕ್ಕದಲ್ಲಿ ಬೇಕಾದಷ್ಟು ಜಾಗ ಖಾಲಿ, ಓಡಾಡುವ ದಾರಿಯಲ್ಲಿ ಮಾತ್ರ ಮಂಚ. ಮೊದಲ ವಾರದಲ್ಲೇ ಅದರ ಕಾಲಿಗೆ ನನ್ನ ಕಿರುಬೆರಳು ಎಷ್ಟು ಸಲ ಬಡಿಯಿತೆಂದರೆ, ಆ ಮಂಚಕ್ಕೂ ನನಗೂ ಹಾವು ಮುಂಗುಸಿಯ ನಂಟು ಬೆಳೆಯಿತು. ಯಾಕೆ ಹೀಗೆ ಎಂದು ನಮ್ಮವರನ್ನು ಕೇಳಿದೆ. ನಮ್ಮವರು ಸಿಟಿ ಬಸ್ಸಿನ ಡ್ರೈವರು, ಮಾತಿಗೂ ಬ್ರೇಕ್ ಹಾಕಿಕೊಂಡೇ ಇರುವ ಮನುಷ್ಯ. "ಅಮ್ಮಂಗೆ ಗೋಡೆ ಆಗಲ್ಲ" ಅಂದರು, ಕೆಲವರಿಗೆ ಹಾಲು ಆಗಲ್ಲ ಅನ್ನುವ ಹಾಗೆ.

ನಿಜವಾಗಿಯೂ ಆಗುತ್ತಿರಲಿಲ್ಲ. ಅತ್ತೆ ಎಲ್ಲಿಗೆ ಹೋದರೂ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಅಲ್ಲಿನ ಬೆಂಚು ಗೋಡೆಗೆ ಅಂಟಿಕೊಂಡಿತ್ತು ಅಂತ ಸರದಿ ಬರುವವರೆಗೂ ನಿಂತೇ ಇದ್ದರು. ಕಾಲುನೋವು ತೋರಿಸಲು ಬಂದವರು ಕಾಲು ಸೋಲುವಷ್ಟು ನಿಂತದ್ದನ್ನು ನೋಡಿ ನನಗೆ ನಗುವೂ ಬಂತು, ಮೈಯೂ ಉರಿಯಿತು.

ಇದಕ್ಕಿಂತ ವಿಚಿತ್ರವಾದದ್ದು ಊಟದ ಹೊತ್ತಿನ ಹಾಜರಿ. ತಟ್ಟೆಗಳನ್ನು ಇಟ್ಟ ಮೇಲೆ ಅತ್ತೆ ಸೌಟು ಹಿಡಿದು ನಿಂತು, ನಮ್ಮನ್ನು ನಮ್ಮ ನಮ್ಮ ಕೆಲಸದ ಮೇಲೆ ಕರೆಯುತ್ತಿದ್ದರು. "ಡ್ರೈವರ್, ಇದ್ದೀಯಾ?" ನಮ್ಮವರು ತಲೆ ಎತ್ತದೆ "ಇದ್ದೀನಿ" ಅನ್ನುತ್ತಿದ್ದರು. "ಕನ್ನಡಕ, ಇದ್ದೀಯಾ?" ಕನ್ನಡಕ ಅಂದರೆ ನಾನು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಮಗಳು ಹುಟ್ಟಿ ಮಾತು ಕಲಿತ ಮೇಲೆ "ತುಂಟಿ, ಇದ್ದೀಯಾ?" ಎಂಬ ಒಂದು ಸಾಲು ಸೇರಿತು. ಅದೂ ನನ್ನ ಸಾಲಿಗಿಂತ ಮುಂದೆ. ಮೊನ್ನೆ ಮೊನ್ನೆ ಹುಟ್ಟಿದವಳು ಮುಂದೆ, ಸೊಸೆ ಮಾತ್ರ ಯಾವತ್ತೂ ಕೊನೆಗೇ ಎಂದು ನಾನು ಗೊಣಗಿದ್ದುಂಟು.

ನಾನು ಓಗೊಟ್ಟ ಮೇಲೆ ಬಡಿಸಬೇಕಲ್ಲ? ಇಲ್ಲ. ಅತ್ತೆ ಸೌಟು ಹಿಡಿದುಕೊಂಡೇ ಒಂದು ಗಳಿಗೆ ನಿಲ್ಲುತ್ತಿದ್ದರು. ಇನ್ನೂ ಒಬ್ಬರನ್ನು ಕರೆಯುವವರ ಹಾಗೆ ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಇಲ್ಲ. ಆ ಗಳಿಗೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು, ಗೋಡೆಯಾಚೆ ಪಕ್ಕದ ಮನೆಯವರು ಕುರ್ಚಿ ಎಳೆಯುವುದು ಕೇಳಿಸುತ್ತಿತ್ತು. ಆಮೇಲೆ ಏನೂ ಆಗಿಲ್ಲವೆಂಬಂತೆ ಬಡಿಸುತ್ತಿದ್ದರು. ಒಂದು ದಿನ ತುಂಟಿ ತಟ್ಟೆಯಿಂದ ಮುಖವೆತ್ತಿ, "ಅಜ್ಜಿ, ಇವತ್ತು ಗೋಡೆ ಓಗೊಡ್ತಾ?" ಅಂತ ಕೇಳಿದಳು.

ಸೌಟು ಕೆಳಗೆ ಬಿತ್ತು. ನಾನು ಮಗಳನ್ನು ಗದರಿ ನೆಲ ಒರೆಸಿದೆ. ಇಷ್ಟು ವರ್ಷ ಅತ್ತೆ ಸುಮ್ಮನೆ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆಯನ್ನೇ ನೋಡುತ್ತಾ ನಿಲ್ಲುತ್ತಾರೆ ಎಂಬುದು ಆ ಪುಟ್ಟ ಮಗುವಿಗೆ ಕಂಡಿತ್ತು.

ಅತ್ತೆ ಯಾರು ಎಂದು ಹೇಳಬೇಕಾದರೆ ಮೊದಲು ಅವರ ಗಂಟಲಿನ ಬಗ್ಗೆ ಹೇಳಬೇಕು. ಹರೆಯದಲ್ಲಿ ಅವರು ನೂಲಿನ ಗಿರಣಿಯಲ್ಲಿದ್ದರು. ಓಡುವ ಯಂತ್ರದ ಮೇಲೆ ನೂಲು ಹರಿದಾಗ, ಯಂತ್ರ ನಿಲ್ಲಿಸದೆ, ಎರಡು ಬೆರಳಲ್ಲಿ ಎಳೆ ಕೂಡಿಸುವುದು ಅವರ ಕೆಲಸ. ಆ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅತ್ತೆ ಕೂಗಿದರೆ ಮಾತ್ರ ಆ ತುದಿಗೂ ಕೇಳುತ್ತಿತ್ತಂತೆ. ಅದಕ್ಕೆ ಎಲ್ಲರೂ ಅವರನ್ನು ಸೈರನ್ ಎಂದು ಕರೆಯುತ್ತಿದ್ದರು. ಮುಂದೆ ಗಿರಣಿ ಮುಚ್ಚಿ ಅವರು ದರ್ಜಿಗಳಿಗೆ ಕಾಜಾ ಹೊಲಿದುಕೊಡುವ ಕೆಲಸಕ್ಕೆ ಇಳಿದರೂ ಆ ಹೆಸರು ಬಿಡಲಿಲ್ಲ.

ಗಿರಣಿಯವರು ಮುಷ್ಕರ ಹೂಡಿದಾಗ ಹಾಡು ಕಟ್ಟಿದವರೂ ಅತ್ತೆಯೇ. ಹಾಡು ಅನ್ನುವುದಕ್ಕಿಂತ ಅದು ಹಾಜರಿ. ಪ್ರತಿ ಸಂಜೆ ಗಿರಣಿಯ ಹಿಂಬಾಗಿಲ ಹತ್ತಿರ ಎಲ್ಲರೂ ಸೇರಿದಾಗ ಅತ್ತೆ ಒಂದೊಂದೇ ಕೆಲಸದವರನ್ನು ಹಾಡಿ ಕರೆಯಬೇಕು, ಅವರು ಓಗೊಡಬೇಕು.

"ಹತ್ತಿ ಬಿಡಿಸೋನೇ, ಇದ್ದೀಯಾ?" "ಇದ್ದೀನಿ!"

"ಎಳೆ ಕೂಡಿಸೋಳೇ, ಇದ್ದೀಯಾ?" "ಇದ್ದೀನಿ!" ಇದು ಅತ್ತೆಯ ಸಾಲು. ತಾನೇ ಕೇಳಿ ತಾನೇ ಹೇಳಿಕೊಳ್ಳುವುದು.

"ಬೆಂಕಿ ಕಾಯೋನೇ, ಇದ್ದೀಯಾ?" "ಇದ್ದೀನಿ!" ಇದು ಬಾಯ್ಲರ್ ನೋಡಿಕೊಳ್ಳುತ್ತಿದ್ದವನದು.

ಇದಕ್ಕೊಂದು ಕಟ್ಟಳೆಯಿತ್ತು. ಜ್ವರವೋ ಹೆರಿಗೆಯೋ ಪೊಲೀಸರೋ, ಏನಾದರೂ ಆಗಿ ಒಬ್ಬರು ಬರಲಾಗದಿದ್ದರೆ, ಹಾಡಿನಲ್ಲಿ ಅವರಿಗಿಂತ ಹಿಂದಿನ ಸಾಲಿನವರು ಅವರ ಪರವಾಗಿ "ಇದ್ದಾನೆ" ಎಂದೋ "ಇದ್ದಾಳೆ" ಎಂದೋ ಓಗೊಡಬೇಕು. ಹಾಗೆ ಯಾರೂ ಓಗೊಡದಿದ್ದರೆ ಆ ಮನುಷ್ಯ ಮಾಲೀಕನ ಕಡೆ ಸೇರಿದ ಅಂತಲೇ ಅರ್ಥ. ಈ ಕಟ್ಟಳೆ ಮಾಡಿದವರೂ ಅತ್ತೆಯೇ.

ಒಂದು ಸಂಜೆ ಬೆಂಕಿ ಕಾಯುವವನು ಬರಲಿಲ್ಲ. ಅವನು ಹಿಂಬಾಗಿಲಿಂದ ಒಳಗೆ ಹೋದದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದರು. ತಣ್ಣಗಿರಬೇಕಾಗಿದ್ದ ಚಿಮಣಿಯಿಂದ ಹೊಗೆ ಎದ್ದದ್ದನ್ನು ಎಲ್ಲರೂ ಕಂಡಿದ್ದರು. ಬಾಯ್ಲರ್ ಹೊತ್ತಿತು ಅಂದರೆ ನಾಳೆ ಯಂತ್ರ ಓಡುತ್ತದೆ, ಯಂತ್ರ ಓಡಿದರೆ ಮುಷ್ಕರ ಮುಗಿಯಿತು. ಅವನ ಪರವಾಗಿ "ಇದ್ದಾನೆ" ಅನ್ನಬೇಕಾದ ಹಿಂದಿನ ಸಾಲು ಅತ್ತೆಯದು. ಅವರು ಅನ್ನಲಿಲ್ಲ. ನಿಂತ ನಿಲುವಿನಲ್ಲೇ ಆ ಸಾಲನ್ನು ತಿರುಗಿಸಿ ಹಾಡಿಬಿಟ್ಟರು.

"ಬೆಂಕಿ ಕಾಯೋನೇ, ಇದ್ದೀಯಾ?
ಇಲ್ಲಪ್ಪಾ ಇಲ್ಲ, ಒಳಗಿದ್ದಾನೆ!
ಹೊಗೆ ಮಾರ್ಕೊಂಡ, ಬಗೆ ಮಾರ್ಕೊಂಡ,
ಬಾಗಿಲ ಹಿಂದೆ ಬಾಲ ಆಡ್ಸ್ಕೊಂಡ!"

ಜನ ಬಿದ್ದು ಬಿದ್ದು ನಕ್ಕರು. ತಗಡಿನ ಡಬ್ಬ ಬಡಿದು ಇನ್ನೊಮ್ಮೆ ಹಾಡಿಸಿದರು. ಪತ್ರಿಕೆಯವನೊಬ್ಬ ಅದನ್ನು ಟೇಪಿನಲ್ಲಿ ಹಿಡಿದ. ಆ ಟೇಪು ಕ್ಯಾಸೆಟ್ಟಾಗಿ ಊರೂರು ಸುತ್ತಿತು. ಮುಷ್ಕರದಿಂದ ಯಾರಿಗೂ ಏನೂ ದಕ್ಕಲಿಲ್ಲ. ಬೆಂಕಿ ಕಾಯುವವನನ್ನು ಆಮೇಲೆ ಯಾರೂ ನೋಡಲಿಲ್ಲ. ಕೈ ತುಂಬ ಇಸಿದುಕೊಂಡು ಬೇರೆ ಊರು ಸೇರಿದ ಅಂತ ಮಾಲೀಕರ ಕಡೆಯವರು ಹೇಳಿದರು, ಎಲ್ಲರೂ ನಂಬಿದರು. ಉಳಿದದ್ದು ಆ ಬೈಗುಳದ ಸಾಲು. ಎಲ್ಲೇ ಮೆರವಣಿಗೆ ಹೊರಟರೂ, ಯಾರೇ ಕೈಕೊಟ್ಟರೂ, ಜನ ಅದನ್ನೇ ಹಾಡುತ್ತಿದ್ದರು. ಆ ಹಾಡು ರೇಡಿಯೋದಲ್ಲಿ ಬಂದರೆ ಅತ್ತೆ ಎದ್ದುಹೋಗಿ ಬಚ್ಚಲಿನ ನಲ್ಲಿ ತಿರುಗಿಸುತ್ತಿದ್ದರು. ನಾಚಿಕೆ ಸ್ವಭಾವ ಅಂತ ನಾವು ತಿಳಿದಿದ್ದೆವು. ಸೈರನ್ನಿಗೆ ನಾಚಿಕೆಯಂತೆ! ನಾವೂ ದಡ್ಡರೇ.

ಹೋದ ವರ್ಷ ಕ್ಯಾಸೆಟ್ ಕಂಪನಿಯವನೊಬ್ಬ ನಮ್ಮ ಮನೆಗೆ ಬಂದ. ಮಾತಿನಲ್ಲಿ ಜೇನು, ಕೈಯಲ್ಲಿ ಎರಡು ಫೋನು. ಹಳೆಯ ಹಾಡನ್ನು ಹೊಸದಾಗಿ ಬಿಡುಗಡೆ ಮಾಡುತ್ತಾರಂತೆ. ಹಳೆಯ ಟೇಪನ್ನೂ ತೊಳೆದು ಹಾಕುತ್ತಾರಂತೆ, ಅತ್ತೆಯ ಕೈಯಲ್ಲಿ ಹೊಸ ಸಾಲುಗಳನ್ನೂ ಬರೆಸಿ ಹಾಡಿಸುತ್ತಾರಂತೆ.

"ಹತ್ತಿ ಬಿಡಿಸೋನು, ಎಳೆ ಕೂಡಿಸೋಳು, ಇವೆಲ್ಲ ಈಗಿನವರಿಗೆ ಗೊತ್ತಾಗಲ್ಲ ಅಮ್ಮ. ಈಗಿನ ಕೆಲಸಗಳನ್ನ ಹಾಕಿ. ಆದ್ರೆ ಆ ಬೆಂಕಿ ಕಾಯೋನ ಸಾಲಿದೆಯಲ್ಲ, ಅದು ಹಾಗೇ ಇರ್ಲಿ. ಜನಕ್ಕೆ ಬೇಕಾಗಿರೋದೇ ಅದು. ಹಾಗೇ ಇನ್ನೊಂದೆರಡು ಬೈಗುಳ ಸೇರಿಸಿದ್ರೆ ಇನ್ನೂ ಚೆನ್ನ" ಅಂದ.

ಅತ್ತೆ ಒಪ್ಪಿದರು. ಅಷ್ಟು ವಯಸ್ಸಿನಲ್ಲಿ ಅವರ ಮುಖ ಆ ಪರಿ ಅರಳಿದ್ದನ್ನು ನಾನು ನೋಡಿರಲಿಲ್ಲ. ಕೋಣೆಯ ನಡುವಿನ ಮಂಚದ ಮೇಲೆ ಕೂತು, ಕಾಜಾ ಹೊಲಿಯುತ್ತಾ, ಸೂಜಿ ಏರಿದಾಗ ಒಂದು ಪದ, ಇಳಿದಾಗ ಒಂದು ಪದ ಕಟ್ಟುತ್ತಿದ್ದರು. "ನಿಮ್ಮ ಅಂಗಡಿಗೆ ಡಬ್ಬಿ ಹೊತ್ಕೊಂಡು ಬೈಕಲ್ಲಿ ಬರ್ತಾನಲ್ಲ, ಅವನಿಗೆ ಏನಂತಾರೆ?" ಎಂದು ನನ್ನನ್ನು ಕೇಳಿದರು. "ಡೆಲಿವರಿಯವನು" ಅಂದೆ. "ಮನೆ ಮನೆ ಮುಟ್ಟಿಸೋನೇ, ಇದ್ದೀಯಾ?" ಅಂತ ಅಲ್ಲೇ ಹಾಡಿದರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸಿಗೆ ಒಂದು, ದಿನವಿಡೀ ಫೋನಿನಲ್ಲಿ ಬೈಸಿಕೊಳ್ಳುವ ಹುಡುಗಿಗೆ ಒಂದು, ನಮ್ಮವರಿಗೂ ಒಂದು. ಹಾಡುವಾಗ ಗಂಟಲು ಗರಗರ ಅನ್ನುತ್ತಿತ್ತು, ಆದರೂ ಅದು ಸೈರನ್ನೇ. ಬೆಂಕಿ ಕಾಯುವವನ ಸಾಲಿಗೆ ಬಂದಾಗ ಮಾತ್ರ ನಿಲ್ಲಿಸಿ ದಾರ ಪೋಣಿಸುತ್ತಿದ್ದರು. ಪೋಣಿಸಿದ ದಾರವನ್ನೇ ತೆಗೆದು ಮತ್ತೆ ಪೋಣಿಸುತ್ತಿದ್ದರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಒಂದು ಮಧ್ಯಾಹ್ನ ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ಅಕ್ಕ ಮನೆಗೆ ಬಂದಳು. ನಾನು ವಾರಕ್ಕೊಮ್ಮೆ ಅವಳಿಗೆ ಬಟ್ಟೆ ಕೊಡುತ್ತಿದ್ದೆ. ಅತ್ತೆ ಮಾತ್ರ ಆ ತಿರುವು ತಪ್ಪಿಸಿ ಬಳಸಿಕೊಂಡು ಹೋಗುತ್ತಿದ್ದರು. ಯಾಕೆ ಎಂಬುದು ನನಗೆ ಅವತ್ತು ಗೊತ್ತಾಯಿತು. ಇಸ್ತ್ರಿ ಅಕ್ಕ ಆ ಬೆಂಕಿ ಕಾಯುವವನ ಮಗಳು.

ಅವಳು ಕೂರಲಿಲ್ಲ. "ನಿಮ್ಮ ಹತ್ರ ನಾನು ಯಾವತ್ತೂ ಏನೂ ಕೇಳಿಲ್ಲ. ಇವತ್ತು ಒಂದು ಕೇಳ್ತೀನಿ. ಆ ಸಾಲು ತೆಗೆದುಬಿಡಿ" ಅಂದಳು.

ಅತ್ತೆ ಕಾಜಾ ಹೊಲಿಯುತ್ತಲೇ ಇದ್ದರು.

"ಸ್ಕೂಲಲ್ಲಿ ನನ್ನ ಸುತ್ತ ನಿಂತು ಅದನ್ನ ಹಾಡೋರು. ನಮ್ಮಮ್ಮ ಬೀದಿ ಬೀದಿ ಮನೆ ಬದಲಾಯಿಸಿದ್ಲು, ಹಾಡು ನಮಗಿಂತ ಮುಂಚೆ ಅಲ್ಲಿಗೆ ಹೋಗಿರೋದು. ಈಗ ನನ್ನ ಮೊಮ್ಮಗಳು ಸ್ಕೂಲಿಗೆ ಹೋಗ್ತಾಳೆ. ಅವಳ ಕಿವಿಗೂ ಬೀಳಬೇಕಾ?"

"ಕಂಡಿದ್ದನ್ನ ಕಟ್ಟಿದೀನಮ್ಮ. ಅವನು ಒಳಗೆ ಹೋಗಿದ್ದನ್ನ ನಾನು ಕಂಡೆ."

"ಹೋಗಿದ್ದು ನಿಜ. ಯಾಕೆ ಹೋದ ಅಂತ ಕಂಡ್ರಾ? ಊಟಕ್ಕೆ ಕೂತೋನು ಎದ್ದುಬಿಟ್ಟ. 'ಬೂದಿ ಮುಚ್ಚಿ ಬೆಂಕಿ ಹಾಗೇ ಬಿಟ್ಟು ಬಂದಿದೀನಿ, ನೀರು ಇಳಿದ್ರೆ ಬಾಯ್ಲರ್ ಸಿಡಿಯುತ್ತೆ, ಆಚೆ ಸಾಲುಮನೆಗಳಿವೆ, ಆರಿಸಿ ಬರ್ತೀನಿ' ಅಂದ. ಅಷ್ಟೇ ನಮ್ಮಮ್ಮ ಕೇಳಿದ ಕೊನೇ ಮಾತು."

"ಆರಿಸೋಕೆ ಹೋದೋನ ಚಿಮಣಿಲಿ ಅಷ್ಟು ಹೊಗೆ ಯಾಕೆ ಬಂತು?"

"ಉರಿಯೋ ಕೆಂಡಕ್ಕೆ ನೀರು ಹೊಯ್ದು ನೋಡಿದೀರಾ ಯಾವತ್ತಾದ್ರೂ? ನಾನು ದಿನಾ ಇಸ್ತ್ರಿ ಪೆಟ್ಟಿಗೆ ಕೆಂಡ ಆರಿಸ್ತೀನಿ. ಉರಿಯೋದಕ್ಕಿಂತ ಆರೋವಾಗಲೇ ಹೊಗೆ ಜಾಸ್ತಿ."

ಗಿರಣಿಯವರು ಚಿಮಣಿ ನೋಡಿಯೇ ಬದುಕಿದವರು. ಅವರಿಗೆ ಹೊಗೆ ಅಂದರೆ ಕೆಲಸ, ಹೊಗೆ ಇಲ್ಲ ಅಂದರೆ ರಜೆ. ಆರುವ ಬೆಂಕಿಯ ಹೊಗೆಯನ್ನು ಅವರು ಯಾವತ್ತೂ ನೋಡಿರಲಿಲ್ಲ, ಯಾಕೆಂದರೆ ರಜೆಯಲ್ಲೂ ಬೂದಿ ಮುಚ್ಚಿ ಕಾಯುತ್ತಿದ್ದ ಆ ಬೆಂಕಿ ಯಾವತ್ತೂ ಪೂರ್ತಿ ಆರಿರಲಿಲ್ಲ. ಅತ್ತೆಯ ಬೆರಳು ಕಾಜಾದ ಮೇಲೆ ನಿಂತೇಹೋಯಿತು. ಆದರೂ ಹಟ ಬಿಡಲಿಲ್ಲ. "ಹಳೇ ಟೇಪು ಕೇಳ್ತೀನಿ. ಕೇಳಿ ಆಮೇಲೆ ಹೇಳ್ತೀನಿ" ಅಂದರು. ಇಸ್ತ್ರಿ ಅಕ್ಕ ಮಂಚವನ್ನೂ ನಾಲ್ಕು ಗೋಡೆಗಳನ್ನೂ ನೋಡಿ ಹೊರಟುಹೋದಳು.

ಸ್ಟುಡಿಯೋಕ್ಕೆ ಅತ್ತೆಯನ್ನು ನಾನೇ ಕರೆದುಕೊಂಡು ಹೋದೆ. ಆ ಕೋಣೆಯ ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಹೊದಿಸಿದ್ದರು. ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಜಗತ್ತು ಸತ್ತಹಾಗಾಯಿತು. ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಅತ್ತೆ ತಿರುಗುವ ಸ್ಟೂಲೊಂದನ್ನು ಎಳೆದುಕೊಂಡು ನಡುವೆಯೇ ಕೂತರು. ಸೌಂಡಿನವರು ನಿಧಾನಸ್ಥ ಮನುಷ್ಯ, ಮಾತಿಗಿಂತ ಕಿವಿ ದೊಡ್ಡದು. ಹಳೆಯ ಟೇಪಿನಲ್ಲಿ ಒಟ್ಟಿಗೆ ಬೆರೆತಿರುವ ಸದ್ದುಗಳನ್ನು ಈಗಿನ ಯಂತ್ರ ಬೇರೆ ಬೇರೆ ಮಾಡುತ್ತದೆ, ಬೆರಕೆ ಧಾನ್ಯ ಕೇರಿದ ಹಾಗೆ, ಎಂದು ಅವರು ನಮಗೆ ತಿಳಿಯುವಂತೆ ಹೇಳಿದರು.

ಮೊದಲು ಬರೀ ಡಬ್ಬದ ಸದ್ದು ಕೇಳಿಸಿದರು. ಆಮೇಲೆ ಬರೀ ನಗು. ಮಾತಿಲ್ಲದೆ, ಹಾಡಿಲ್ಲದೆ, ಬರೀ ನೂರಾರು ಜನರ ನಗು ಆ ಸತ್ತ ಕೋಣೆಯಲ್ಲಿ ಕೇಳುವಾಗ ಎದ್ದು ಓಡಿಹೋಗೋಣ ಅನ್ನಿಸಿತು. ಆ ಜನರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೋ. ಆಮೇಲೆ ಅತ್ತೆಯ ಹರೆಯದ ದನಿಯೊಂದೇ ಬಂತು. ಚೂರಿಯ ಹಾಗಿತ್ತು. ಅತ್ತೆ ನನ್ನ ಕೈ ಹಿಡಿದು "ಯಾರೇ ಇವಳು?" ಅಂದರು. "ನೀವೇ ಅತ್ತೆ" ಅಂದೆ. "ಎಷ್ಟು ಖುಷೀಲಿದ್ದಾಳೆ ನೋಡು" ಅಂದರು.

"ಇದೆಲ್ಲ ತೆಗೆದ ಮೇಲೂ ಏನೋ ಒಂದು ಉಳಿದಿದೆ. ನಿಮ್ಮನ್ನ ಕೇಳಿಯೇ ಮುಂದಿನ ಕೆಲಸ ಅಂತ ಇಟ್ಟಿದೀನಿ. ಟೇಪ್ ರೆಕಾರ್ಡರ್ ಎಲ್ಲಿಟ್ಟಿದ್ರು ನೆನಪಿದೆಯಾ?" ಎಂದು ಸೌಂಡಿನವರು ಕೇಳಿದರು.

"ಬಾಯ್ಲರ್ ಕೋಣೆ ಗೋಡೇಲಿ ಒಂದು ಗೂಡಿತ್ತು. ಅದ್ರಲ್ಲಿ. ಅದರ ಮುಂದೆ ಪೆಟ್ಟಿಗೆ ಮೇಲೆ ನಾನು ನಿಂತಿದ್ದೆ, ಗೋಡೆಗೆ ಬೆನ್ನು ಕೊಟ್ಕೊಂಡು."

ಸೌಂಡಿನವರು ಗುಂಡಿ ಒತ್ತಿದರು. ಅತ್ತೆಯ ದನಿ: "ಬೆಂಕಿ ಕಾಯೋನೇ, ಇದ್ದೀಯಾ?" "ಇಲ್ಲಪ್ಪಾ ಇಲ್ಲ" ಎಂಬ ಸಾಲು ಶುರುವಾಗುವ ಮುಂಚೆ ಒಂದು ಉಸಿರಿನಷ್ಟು ಬಿಡುವಿದೆ. ಆ ಬಿಡುವಿನಲ್ಲಿ, ತುಂಬ ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ, ಗಂಡಸಿನ ದನಿ ಕೇಳಿಸಿತು.

"ಇದ್ದೀನಿ."

ಬಾಗಿಲ ಬಳಿ ನಿಂತಿದ್ದ ಕಂಪನಿಯವನು "ಎಕೋ ಇರ್ಬೇಕು" ಅಂದ. ಸೌಂಡಿನವರು ತಲೆಯಾಡಿಸಿ, "ಎಕೋ ಆದ್ರೆ ಕೇಳಿದ್ದನ್ನೇ ಹೇಳುತ್ತೆ. ಇದು ಉತ್ತರ ಕೊಡ್ತಿದೆ" ಅಂದರು.

ಎರಡನೆಯ ಸಲ ಹಾಡಿಸಿದ ಕಡೆ ಟೇಪು ಹಾಕಿದರು. "ಬೆಂಕಿ ಕಾಯೋನೇ, ಇದ್ದೀಯಾ?" ಈ ಸಲ ದನಿ ಕಿರುಚಿತು. "ಇದ್ದೀನಿ! ಇಲ್ಲೇ ಇದ್ದೀನಿ! ಬಾಗಿಲು..." ಜೊತೆಗೆ ಕಬ್ಬಿಣದಿಂದ ಗೋಡೆ ಗುದ್ದುವ ಸದ್ದು, ಗುದ್ದಿನ ಮೇಲೆ ಗುದ್ದು. ಅದರ ಮೇಲೆ ಜನರ ನಗು ಬಂದು ಬಿತ್ತು, ಎಲ್ಲ ಮುಚ್ಚಿಹೋಯಿತು. ಬೆಂಕಿ ಆರಿಸಲು ಹೋದವನನ್ನು ಮಾಲೀಕರ ಕಡೆಯವರು ಒಳಗಿಟ್ಟು ಬಾಗಿಲು ಹಾಕಿಕೊಂಡಿದ್ದರು. ಒಬ್ಬ ಕೆಲಸಕ್ಕೆ ಬಂದ ಎಂದು ಉಳಿದವರು ನಂಬಬೇಕಾಗಿತ್ತು. ನಂಬಿದರು, ಹಾಡಿಯೂ ಹಾಡಿದರು.

"ಮೂರನೇ ಸಲವೂ ಹಾಡಿದಾರೆ" ಅಂದರು ಸೌಂಡಿನವರು. ಹಾಕಿದರು. ಪ್ರಶ್ನೆ ಬಂತು. ಬಿಡುವು ಬಂತು. ಆ ಬಿಡುವಿನಲ್ಲಿ ಏನೂ ಇರಲಿಲ್ಲ.

ಕಂಪನಿಯವನು ಬೇಗ ಚೇತರಿಸಿಕೊಂಡ. ಅಂಥವರು ಬೇಗ ಚೇತರಿಸಿಕೊಳ್ಳುತ್ತಾರೆ. ಬೇಡವಾದರೆ ಅದನ್ನು ಗಲಾಟೆ ಅಂತ ಒಂದೇ ಏಟಿಗೆ ಅಳಿಸಬಹುದು, ಬೇಕಾದರೆ ಆ ದನಿಯನ್ನೇ ಮುಂದೆ ಮಾಡಿ ಹಾಡಿಗೆ ಹೊಸ ಕಳೆ ಕೊಡಬಹುದು, ಜನ ಹುಚ್ಚೆದ್ದು ಕೇಳುತ್ತಾರೆ ಅಂದ. ಅವನ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ಅತ್ತೆ ಸ್ಟೂಲಿನಿಂದ ಎದ್ದು, "ಅಳಿಸಬೇಡ. ಮಾರಲೂ ಬೇಡ. ಅವನ ಮಗಳು ಕೇಳ್ಲಿ. ಅವಳು ಒಪ್ಪೋ ತನಕ ನಾನು ಹಾಡೋಕೆ ಬಾಯಿ ಬಿಡಲ್ಲ" ಅಂದರು.

ಬಸ್ ಸ್ಟಾಪಿನಲ್ಲಿ ಅತ್ತೆ ನಿಂತೇ ಇದ್ದರು. ಬಸ್ಸುಗಳು ಬಂದವು, ಹೋದವು, ನಾವು ಹತ್ತಲಿಲ್ಲ.

"ನನಗೆ ಕೇಳಿಸಿತ್ತು ಕಣೇ."

"ಏನು ಅತ್ತೆ?"

"ಅವತ್ತು. ಮೊದಲನೇ ಸಲ ಕಿವಿಗೆ ಬಿತ್ತು. ಎರಡನೇ ಸಲ ಗುದ್ದಿದ್ದು ಬೆನ್ನಿಗೇ ತಾಕ್ತು. ಮಾಲೀಕನ ಕಡೆಯವರ ಜೊತೆ ಕೂತು ನಮ್ಮನ್ನ ಅಣಕಿಸ್ತಿದಾನೆ ಅಂದ್ಕೊಂಡೆ. ಸಿಟ್ಟು ನೆತ್ತಿಗೇರ್ತು. ಜನ ಸಾಕು ಅಂದ್ರು. ಮೂರನೇ ಸಲ ಹಾಡಿಸಿದ್ದು ನಾನೇ. ಅವನಿಗೆ ಚೆನ್ನಾಗಿ ಕೇಳ್ಲಿ ಅಂತ ಹಿಂದಕ್ಕೆ ತಿರುಗಿ, ಗೋಡೆಗೆ ಬಾಯಿಟ್ಟು ಹಾಡಿದೆ."

ಅತ್ತೆಯ ಮೇಲೆ ಅಸಹ್ಯವೂ ಆಯಿತು, ಅವರನ್ನು ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ನಿಜ.

"ಆಮೇಲೆ ಯೋಚನೆ ಬಂತು, ಅಣಕಿಸೋನು ಹಾಗೆ ಗುದ್ದಲ್ಲ ಅಂತ. ಬಂದಿದ್ದನ್ನ ನುಂಗಿಕೊಂಡೆ. ಅವತ್ತಿಂದ ಯಾವ ಗೋಡೆಗೆ ಬೆನ್ನು ಕೊಟ್ರೂ ಗುದ್ದು ಕೇಳುತ್ತೆ."

ಇಸ್ತ್ರಿ ಅಕ್ಕ ಸ್ಟುಡಿಯೋಕ್ಕೆ ಬಂದ ದಿನ ಅತ್ತೆ ಮೊದಲು ಈ ಮಾತನ್ನೆಲ್ಲ ಅವಳ ಮುಂದೆ ಹೇಳಿದರು, ಒಂದನ್ನೂ ಬಿಡದೆ. ಆಮೇಲೆ ಟೇಪು ಹಾಕಿದರು. ಅಪ್ಪನ ದನಿ ಅವಳಿಗೆ ನೆನಪಿರಲಿಲ್ಲವಂತೆ. ಮೊದಲ "ಇದ್ದೀನಿ" ಕೇಳಿದಾಗ ಮಗುವಿನ ಹಾಗೆ ನಕ್ಕಳು. ಎರಡನೆಯದಕ್ಕೆ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. ಮೂರನೆಯದು ಮುಗಿದ ಮೇಲೆ ಸೆರಗು ಕೆಳಗಿಳಿಸಿದಳು.

"ಮೂರನೇ ಸಲ ಅವನಿಗೆ ಅರ್ಥವಾಗಿದೆ" ಅಂದಳು. "ಯಾರನ್ನ ಬೈತಿದಾರೆ ಅಂತ."

ಆಮೇಲೆ ಅವನಿಗೆ ಏನಾಯಿತು ಎಂಬುದು ಇವತ್ತಿಗೂ ಗೊತ್ತಿಲ್ಲ. ಗಿರಣಿಯನ್ನು ಕೆಡವಿದಾಗ ಅಲ್ಲೇನೂ ಸಿಕ್ಕಲಿಲ್ಲ. ಆ ರಾತ್ರಿ ಹಿಂಬಾಗಿಲಿಂದ ಲಾರಿಯೊಂದು ಹೋಯಿತು ಅಂತ ಸಾಲುಮನೆಯ ಮುದುಕರೊಬ್ಬರು ಹೇಳುತ್ತಿದ್ದರಂತೆ. ಅವರೂ ಈಗಿಲ್ಲ.

ಅತ್ತೆ ಇಸ್ತ್ರಿ ಅಕ್ಕನ ಮುಂದೆ ಕೈಕಟ್ಟಿ ನಿಂತು, "ಏನು ಮಾಡ್ಲಿ ಹೇಳು ಮಗಳೇ. ಹಾಡೇ ಬೇಡ ಅಂದ್ರೂ ಸರಿ" ಅಂದರು.

"ನಮ್ಮಪ್ಪನ ದನಿ ಹಾಕ್ಬೇಡಿ. ಅದು ನಂಗೆ ಬೇಕು, ಅಂಗಡಿಗೆ ಬೇಡ. ಬೈಗುಳ ತೆಗೀರಿ. ಅವನ ಸಾಲು ಮೊದಲು ಹೇಗಿತ್ತೋ ಹಾಗೇ ಇರ್ಲಿ. ನೀವು ಅವತ್ತು ಅನ್ನಬೇಕಾಗಿದ್ದ ಮಾತು ಒಂದೇ ಒಂದು. ಅದನ್ನ ಈಗ ಅನ್ನಿ."

ರೆಕಾರ್ಡಿಂಗಿನ ದಿನ ಹೊಸ ಸಾಲುಗಳನ್ನೆಲ್ಲ ಅತ್ತೆ ಸಲೀಸಾಗಿ ಹಾಡಿದರು. ಬೆಂಕಿ ಕಾಯುವವನ ಸಾಲು ಬಂದಾಗ, "ಮೈಕು ಗೋಡೆ ಹತ್ರ ಹಾಕಿ" ಅಂದರು. ಹೋಗಿ, ಆ ಸ್ಪಂಜಿನ ಗೋಡೆಗೆ ಬೆನ್ನು ಕೊಟ್ಟು ನಿಂತರು. ಅವರನ್ನು ಹಾಗೆ ನಾನು ಕಂಡದ್ದು ಅದೇ ಮೊದಲು. ಬೆನ್ನು ಗೋಡೆಗೆ ತಾಕಿದಾಗ ಅವರ ಮೈ ಒಂದು ಸಲ ಅದುರಿತು, ಹಿಂದಿನಿಂದ ಯಾರೋ ಮುಟ್ಟಿದ ಹಾಗೆ. ಕಣ್ಣು ಮುಚ್ಚಿ ಹಾಡಿದರು. "ಬೆಂಕಿ ಕಾಯೋನೇ, ಇದ್ದೀಯಾ?"

ಕಾದರು. ಕಂಪನಿಯವನು ಕೈಗಡಿಯಾರ ನೋಡಿಕೊಂಡ. ಇಸ್ತ್ರಿ ಅಕ್ಕ ಅಲ್ಲಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅತ್ತೆ, ಹಾಡಿನ ದನಿಯಲ್ಲಿ ಅಲ್ಲ, ಮಾತಿನ ದನಿಯಲ್ಲಿ, "ಇದ್ದಾನೆ" ಅಂದರು.

ಹಾಡು ಹಾಗೇ ಬಿಡುಗಡೆಯಾಯಿತು. ಆ ಬಿಡುವು ಎಷ್ಟು ಉದ್ದವೆಂದರೆ, ರೇಡಿಯೋ ಕೆಟ್ಟಿತೆಂದು ಜನ ತಟ್ಟಿ ನೋಡುತ್ತಾರೆ. ನಮ್ಮವರ ಬಸ್ಸಿನಲ್ಲಿ ಹಾಕಿದರೆ ಆ ಬಿಡುವು ಬರುವಾಗ ಹರಟುತ್ತಿದ್ದವರೆಲ್ಲ ತಂತಾವೇ ಸುಮ್ಮನಾಗುತ್ತಾರಂತೆ, ಯಾಕೆಂದು ಅವರಿಗೇ ಗೊತ್ತಿಲ್ಲ. ಇಸ್ತ್ರಿ ಅಂಗಡಿಯಲ್ಲಿ ಅದು ಬಂದಾಗ ನಾನೇ ಅಲ್ಲಿದ್ದೆ. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲಿನಿಂದ ಎತ್ತಿ ಹಿಡಿದಳು. "ಇದ್ದಾನೆ" ಎಂಬ ಮಾತು ಬಂದ ಮೇಲೆ ಮತ್ತೆ ತೀಡತೊಡಗಿದಳು.

ಎಲ್ಲ ಸರಿಹೋಯಿತು ಅಂತ ನಾನು ತಿಳಿದೆ. ಅತ್ತೆಯೇ ಹೇಳಿ ಮಂಚವನ್ನು ಗೋಡೆಗೆ ಸರಿಸಿದೆವು. ನನ್ನ ಕಿರುಬೆರಳು ಬದುಕಿತು. ಆದರೆ ಅತ್ತೆ ಸೊರಗತೊಡಗಿದರು. ಬೆಳಿಗ್ಗೆ ಕಾಫಿ ಕೊಡಲು ಹೋದರೆ ಗೋಡೆಗೆ ಕಿವಿ ಹಚ್ಚಿ ಕೂತಿರುತ್ತಿದ್ದರು.

"ಏನಾದ್ರೂ ಕೇಳಿಸ್ತಾ ಅತ್ತೆ?"

"ಇಲ್ಲ. ಅದೇ ಭಯ. ಇಷ್ಟು ವರ್ಷ ಗುದ್ದುತ್ತಿದ್ದ. 'ಇದ್ದಾನೆ' ಅಂದ ದಿನದಿಂದ ಸದ್ದೇ ಇಲ್ಲ. ನೆಮ್ಮದಿಯಾಗಿ ಸುಮ್ಮನಾದ್ನೋ, ಮೂರನೇ ಸಲದ ಹಾಗೆ ಸುಮ್ಮನಾದ್ನೋ, ಹೇಗೆ ಗೊತ್ತಾಗ್ಬೇಕು?"

ಅವತ್ತು ಸಂಜೆ ಊಟಕ್ಕೆ ಕೂತೆವು. ಡ್ರೈವರ್ ಇದ್ದರು, ತುಂಟಿ ಇದ್ದಳು, ಕನ್ನಡಕವೂ ಇದ್ದೀನಿ ಅಂದಳು. ಅತ್ತೆ ಸೌಟು ಹಿಡಿದು ಗೋಡೆಯತ್ತ ತಿರುಗಿದರು. ಇಷ್ಟು ವರ್ಷ ಬರೀ ತುಟಿಯಲ್ಲಿದ್ದ ಕರೆಗೆ ಅವತ್ತು ದನಿ ಬಂತು.

"ಬೆಂಕಿ ಕಾಯೋನೇ, ಇದ್ದೀಯಾ?"

ನಲ್ಲಿ ತೊಟ್ಟಿಕ್ಕಿತು. ಪಕ್ಕದ ಮನೆಯಲ್ಲಿ ಅವತ್ತು ಕುರ್ಚಿಯ ಸದ್ದೂ ಇರಲಿಲ್ಲ. ತುಂಟಿ ನನಗೆ ಒತ್ತಿಕೊಂಡಳು. ಆಗ ನನಗೆ ಹೊಳೆಯಿತು, ಈ ಮನೆಯಲ್ಲಿ ಅವನ ಹಿಂದಿನ ಸಾಲು ನನ್ನದು. ಮದುವೆಯಾದಂದಿನಿಂದ ಓಗೊಡಬೇಕಾಗಿದ್ದವಳು ನಾನು. ಸೊಸೆಯನ್ನು ಕೊನೆಗೆ ಹಾಕಿದ್ದಾರೆ ಅಂತ ಗೊಣಗುತ್ತಾ ಕೂತಿದ್ದೆ.

"ಇದ್ದಾನೆ" ಅಂದೆ.

ಅತ್ತೆ ಗಕ್ಕನೆ ತಿರುಗಿದರು. ಅವರ ಕಣ್ಣಿನಲ್ಲಿದ್ದ ಆಸೆಯನ್ನು ನೋಡಲಾಗಲಿಲ್ಲ. "ನಿನಗೆ ಕೇಳಿಸ್ತಾ?"

ಹೂಂ ಅಂದುಬಿಡಬಹುದಾಗಿತ್ತು.

"ಇಲ್ಲ ಅತ್ತೆ, ನನಗೇನೂ ಕೇಳಿಸ್ಲಿಲ್ಲ. ಕೇಳಿಸ್ದೇ ಇದ್ರೂ ಅನ್ನಬೇಕಲ್ವಾ? ನನ್ನ ಸಾಲು."

ಅತ್ತೆ ಬಂದು, ಈ ಮನೆಯಲ್ಲಿ ಮೊದಲ ಸಲ, ನನ್ನ ತಟ್ಟೆಗೆ ಮೊದಲು ಬಡಿಸಿದರು.